ಮೂರನೇ ಕೋಣೆಯ ಗೋಡೆ

...ಅಥವಾ ಎರಡೇ ಕೋಣೆ ಇದ್ದವೋ ಏನೋ. ಮೂರು ಎಂದು ನೆನಪು ಹೇಳುತ್ತದೆ. ಆದರೆ ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ ನಾನು ಅದನ್ನು ನಂಬುವುದಿಲ್ಲ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಗಂಗೆಯ ದಡದ ಹನುಮಾನ್ ಘಾಟಿನ ನಮ್ಮ ಮನೆಯಡಿ ನೆಲಮಾಳಿಗೆ ಇದ್ದದ್ದಂತೂ ನಿಜ. ಊರ ಕಡೆಯಿಂದ ಶ್ರಾದ್ಧಕ್ಕೆ ಬಂದವರು ಮೇಲೆ ಇಳಿದುಕೊಳ್ಳುತ್ತಿದ್ದರು. ಕೆಳಗೆ ಅವರಿಗೆ ಹಾಸುವ ಚಾಪೆ, ದರ್ಭೆಯ ಕಟ್ಟು, ಎಳ್ಳಿನ ಡಬ್ಬ. ಒದ್ದೆ ಸುಣ್ಣದ, ಬಾವಲಿ ಹಿಕ್ಕೆಯ ವಾಸನೆ. ಒಂದರೊಳಗೊಂದು ಕೋಣೆ. ಕೊನೆಯದಕ್ಕೆ ದೊಡ್ಡವರೂ ಲಾಂದ್ರವಿಲ್ಲದೆ ಹೋಗುತ್ತಿರಲಿಲ್ಲ.

ಆಟ ಕಟ್ಟಿದ್ದು ನಾನು ಮತ್ತು ದೊಡ್ಡಪ್ಪನ ಮಗ ಶ್ರೀನಿ. ಒಬ್ಬರೇ ಇಳಿದು ವಾಪಸು ಬಂದರೆ ಮೆಟ್ಟಿಲ ಗೋಡೆಯ ಮೇಲೆ ಇದ್ದಿಲಿನ ಗೆರೆ. ಮೊದಲ ಕೋಣೆಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದರ ಹಿಂದಿನ ಗೋಡೆ ಮುಟ್ಟಿದರೆ ಐದು. ಗೆರೆಗೆ ನಾವಿಟ್ಟ ಹೆಸರು ‘ಅನುಭವ’. ಹತ್ತು ಅನುಭವಕ್ಕೆ ಒಂದು ದರ್ಜೆ. ದರ್ಜೆ ಏರಿದಂತೆ ಒಯ್ಯಲು ಒಂದೊಂದು ಬೆಂಕಿಕಡ್ಡಿ ಹೆಚ್ಚು. ಹೆದರಿಕೆ ಹೋದ ಕೋಣೆಗೆ ಗೆರೆ ಸಿಗದು. ಮತ್ತೆ ಬೇಕಾದರೆ ಹಿಂದುಹಿಂದಕ್ಕೆ ನಡೆದು ಹೋಗಬೇಕು, ಇಲ್ಲವೇ ಕಣ್ಣು ಮುಚ್ಚಿಕೊಂಡು. ಮೊದಲು ನಾಲ್ಕನೇ ದರ್ಜೆ ಮುಟ್ಟಿದವರೇ ಮಾಲಿಕ. ಆಮೇಲೆ ನಿಯಮವೆಲ್ಲ ಅವರದೇ.

ನನಗೆ ಐದು ಗೆರೆ ಬಾಕಿ ಇತ್ತು. ಶ್ರೀನಿ ಇನ್ನೂ ಎರಡನೇ ದರ್ಜೆ.

ವೈಶಾಖದಲ್ಲಿ ಅವನ ಉಪನಯನವಾಯಿತು. ಮರುದಿನ ಬೋಳುತಲೆಯಲ್ಲಿ, ಅರಿಸಿನದ ವಾಸನೆ ಹೊತ್ತು ಮೆಟ್ಟಿಲ ಬಳಿ ಬಂದು ನಿಂತ.

“ನಂದೀಗ ಎರಡನೇ ಹುಟ್ಟು. ಸೀದಾ ನಾಲ್ಕನೇ ದರ್ಜೆ, ಬಸ್, ಅಷ್ಟೇ.”

“ಹಂಗಾದ್ರೆ ಸೊನ್ನೆಯಿಂದ ಶುರು ಮಾಡು. ಹೊಸದಾಗಿ ಹುಟ್ಟಿದವ್ನಿಗೆ ಅನುಭವ ಎಲ್ಲಿಂದ ಬಂತು?”

“ನೀನು ಹುಡುಗಿ, ಹುಟ್ಟೋದೇ ಒಂದ್ಸಲ. ನಿಂಗ್ಯಾಕೆ ಈ ಉಸಾಬರಿ?”

ದರ್ಭೆಯ ಪವಿತ್ರ ಕಟ್ಟುತ್ತಿದ್ದ ಅಪ್ಪನ ಬಳಿ ಹೋಗಿ ಎಲ್ಲ ಹೇಳಿದೆ. ಅಪ್ಪ ನಕ್ಕ. “ಅವ್ನು ಹೇಳೋದು ಸರಿ ಕಣೇ. ನೀನು ಅವ್ನಿಗೆ ದೀಪ ಹಿಡಿ, ಅದೂ ಕೆಲ್ಸವೇ.” ಅಪ್ಪ ಕೆಟ್ಟವನಾಗಿರಲಿಲ್ಲ. ಪ್ರೀತಿಯಿಂದಲೇ ನಕ್ಕ. ಕೆಟ್ಟವನಾಗಿದ್ದರೆ ಈ ಸಿಟ್ಟು ಎಂದೋ ಮುಗಿದಿರುತ್ತಿತ್ತು.

ಮಾಲಿಕನಾದ ಶ್ರೀನಿಯ ಮೊದಲ ನಿಯಮ: ಹುಡುಗಿಯರಿಗೆ ಮೂರನೇ ಕೋಣೆ ಇಲ್ಲ.

ಶ್ರಾವಣದ ಒಂದು ಮಧ್ಯಾಹ್ನ, ಶ್ರೀನಿ ಮೇಲೆ ಮಂತ್ರ ಹೇಳಿಸಿಕೊಳ್ಳುತ್ತಿದ್ದಾಗ, ಒಂದು ಕಡ್ಡಿಯೂ ಇಲ್ಲದೆ ಇಳಿದೆ. ಗಂಗೆ ಆಗಲೇ ನೆಲದಿಂದ ಜಿನುಗುತ್ತಿದ್ದಳು; ನೀರು ಕಾಲಿನ ಹರಡಿನವರೆಗೆ. ಕೈ ಚಾಚಿ ನಡೆದೆ. ತಣ್ಣನೆಯ, ಒರಟಾದ ಏನೋ ತಗುಲಿತು. ಓಡಿ ಬಂದು ಐದು ಗೆರೆ ಎಳೆದೆ. ಶ್ರೀನಿ ಗೆರೆಗಳನ್ನು ನೋಡಿ ಒಂದೇ ಮಾತು ಕೇಳಿದ: “ನೋಡಿದ್ಯಾರು?”

ವಾರದಲ್ಲಿ ಗಂಗೆ ಮೆಟ್ಟಿಲು ಹತ್ತಿದಳು. ನೀರಿಳಿದ ಮೇಲೆ ಮೊಣಕಾಲುದ್ದ ಕೆಸರು. ಅವನ ಗೆರೆಯೂ ಇಲ್ಲ, ನನ್ನದೂ ಇಲ್ಲ. ಅಪ್ಪ ನೆಲಮಾಳಿಗೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ.

ಮೊನ್ನೆ ತಂಗಿಯ ಮೊಮ್ಮಗಳು ಕಂಪ್ಯೂಟರಿನಲ್ಲಿ ಅಂಥದೇ ಆಟ ಆಡುತ್ತಿದ್ದಳು. ಕತ್ತಲ ಸುರಂಗ, ರಾಕ್ಷಸರು. ಕೊಂದರೆ ಅನುಭವದ ಅಂಕ, ಅಂಕ ತುಂಬಿದರೆ ಮೇಲಿನ ದರ್ಜೆ, ಹೊಸ ಬಲ. ಸಣ್ಣ ರಾಕ್ಷಸರನ್ನೇ ಕೊಲ್ಲುತ್ತಿದ್ದರೆ ಅಂಕ ಬರುವುದೇ ನಿಲ್ಲುತ್ತದಂತೆ. ನಮ್ಮದೇ ನಿಯಮ. “ಗಳಿಸಿದ್ದನ್ನ ಯಾರಾದ್ರೂ ಕಿತ್ಕೋಬಹುದಾ?” ಎಂದು ಕೇಳಿದೆ. “ಇಲ್ಲ ಅಜ್ಜಿ, ಅದು ಸೇವ್ ಆಗಿರತ್ತೆ,” ಎಂದಳು. ಮಗನೋ ಮಗಳೋ ಎಂದು ಕೇಳದೆ ಎಣಿಸುವ ಆ ಯಂತ್ರದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಶ್ರೀನಿ ಈಗಿಲ್ಲ, ಅಪ್ಪನೂ ಇಲ್ಲ. ಸಿಟ್ಟು ಮಾತ್ರ ನನ್ನ ಬಳಿ ಪೂರ್ತಿ ಉಳಿದಿದೆ. ಆದರೆ ಆ ಕತ್ತಲಲ್ಲಿ ನನ್ನ ಕೈಗೆ ತಗುಲಿದ್ದು ಹಿಂದಿನ ಗೋಡೆಯೋ, ನೆನೆದ ಚಾಪೆಯ ಸುರುಳಿಯೋ, ನನಗೆ ಗೊತ್ತಿಲ್ಲ.