ಮಣ್ಣು ಮುಟ್ಟದ ನೆರಳು

ಚೌಡಾಪುರದಲ್ಲಿ ನನ್ನ ಕಿರಾಣಿ ಅಂಗಡಿಯ ಗೋಡೆಗೆ ಹೊಂದಿಕೊಂಡೇ ಶರಫುದ್ದೀನನ ರಿಪೇರಿ ಅಂಗಡಿ. ಬೋರ್ಡಿನ ಮೇಲೆ ಮೊಬೈಲ್ ಎಂದು ಬರೆಸಿದ್ದಾನೆ, ಆದರೆ ಅವನ ಜೀವವೆಲ್ಲ ಕೈಯಲ್ಲಿ ಹಿಡಿದು ಆಡುವ ಗೇಮ್ ಸೆಟ್ಟುಗಳಲ್ಲಿ. ಹಳೆಯ ಸೆಟ್ಟು ಕೊಟ್ಟರೆ ದೊಡ್ಡ ಬ್ಯಾಟರಿ ಕೂರಿಸಿ, ಹೊಸ ಡಿಸ್‌ಪ್ಲೇ ಹಾಕಿ, ಸವೆದ ಸ್ಟಿಕ್ಕು ಕಿತ್ತು ಬೇರೆಯದನ್ನು ಬೆಸೆದು, ಮದುಮಗನ ಹಾಗೆ ಸಿಂಗರಿಸಿ ಕೊಡುತ್ತಾನೆ. ಆಳಂದದಿಂದ, ಜೇವರ್ಗಿಯಿಂದ ಕೂಡ ಜನ ಹುಡುಕಿಕೊಂಡು ಬರುತ್ತಾರೆ. ನಲವತ್ತು ದಾಟಿದ ಗಂಡಸು ದಿನವಿಡೀ ಪರದೆಯ ಮೇಲೆ ಗೊಂಬೆಗಳನ್ನು ಬಡಿದಾಡಿಸುತ್ತ ಕೂರುವುದು ನನಗೆ ಎಂದೂ ಸರಿಕಂಡಿಲ್ಲ. ಮುಖದ ಮೇಲೇ ಹೇಳಿದ್ದೇನೆ. ನಗುತ್ತಾನೆ, ಚಹಾ ತರಿಸುತ್ತಾನೆ.

ಅವನ ತಂದೆ ಇಮಾಮಸಾಬ ಕಿಣ್ಣಿ ಸುಲ್ತಾನ ಎಂಬ ಊರಿನ ಪೈಲ್ವಾನ. ಗರಡಿಯ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳದೆ ಯಾರ ಮೇಲೂ ಕೈ ಹಾಕಿದವನಲ್ಲ. ಮಗ ಗರಡಿಯ ಕಡೆ ತಲೆ ಹಾಕಲಿಲ್ಲ, ಆದರೆ ಆ ಮರ್ಯಾದೆಯನ್ನು ಗೇಮಿನೊಳಗೆ ಒಯ್ದ. ಅವನ ಅಂಗಡಿಯಲ್ಲಿ ಫೈಟಿಂಗ್ ಆಡುವವರು ಮೊದಲು ತಮ್ಮ ಗೊಂಬೆಯನ್ನು ಎರಡು ಸಲ ನೆಲಕ್ಕೆ ಬಗ್ಗಿಸಬೇಕು. ಅದೇ ಮಣ್ಣು ಮುಟ್ಟುವುದು. ಆಮೇಲೆ ಎಷ್ಟು ಬೇಕಾದರೂ ಬಡಿದಾಡಲಿ.

ಇದಕ್ಕೆ ಜಗ್ಗದವನು ಒಬ್ಬನೇ: ಗೊಬ್ಬೂರಿನ ಅನೀಲಕುಮಾರ, ಟಂಟಂ ಆಟೋ ಓಡಿಸುವವ. ಎದುರಿನವನ ಗೊಂಬೆ ಬಗ್ಗಿದಾಗಲೇ ಅದರ ಎದೆಗೆ ಒದೆಯುತ್ತಿದ್ದ. ಒದ್ದು, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಬಾ ಎನ್ನುವಂತೆ ನಿಲ್ಲುತ್ತಿದ್ದ. ಒಂದು ದಿನ ಶರಫುದ್ದೀನನ ತಲೆ ಕೆಟ್ಟಿತು.

"ಮಣ್ಣ ಮುಟ್ಟೂ ತನಾ ನನ್ನ ಅಂಗಡಿ ಹೊಸ್ತಿಲಾ ತುಳಿಬ್ಯಾಡ ಲೇ."

ಅನೀಲ ತನ್ನ ಸೆಟ್ಟು ಬಗಲಲ್ಲಿಟ್ಟುಕೊಂಡು ಹೋದ. ಮುಂದಿನ ವಾರವೇ ಜೇವರ್ಗಿ ರಸ್ತೆಯಲ್ಲಿ ಅವನ ಟಂಟಂ ಪಲ್ಟಿಯಾಗಿ ತೀರಿಕೊಂಡ.

ಬೇಸಿಗೆ ಹತ್ತಿದ ಮೇಲೆ ಅವನ ತಂಗಿ ಸಪ್ನಾ ಆ ಸೆಟ್ಟು ತಂದಳು. ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು.

"ಭಾಯಿ, ಎಲ್ಲಾ ಹೊಸಾದು ಹಾಕ್ರಿ. ಒಳಗಿಂದು ಮಾತ್ರ ಅಳಸಬ್ಯಾಡ್ರಿ. ನಮ್ಮಣ್ಣ ಅದಾನ."

ನನಗೆ ತಿಳಿಯಲಿಲ್ಲ. ಶರಫುದ್ದೀನನೇ ಬಿಡಿಸಿ ಹೇಳಿದ. ಆ ಆಟದಲ್ಲಿ ನೆರಳು ಎಂಬುದೊಂದು ಉಂಟಂತೆ. ಒಬ್ಬ ತನ್ನ ಹೆಸರಲ್ಲಿ ಹೇಗೆ ಆಡುತ್ತಾನೋ ಅದನ್ನು ನೋಡಿ ನೋಡಿ ಕಲಿತು, ಥೇಟ್ ಅವನಂತೆಯೇ ಬಡಿದಾಡುವ ಗೊಂಬೆಯೊಂದನ್ನು ಆಟವೇ ಕಟ್ಟುತ್ತದೆ. ಅವನು ಇಲ್ಲದಾಗ ಉಳಿದವರು ಅದರೊಡನೆ ಆಡಬಹುದು. ಸಪ್ನಾಳಿಗೆ ಅಣ್ಣ ಮೊದಲೇ ಬೇರೆ ಹೆಸರು ಹಾಕಿಕೊಟ್ಟಿದ್ದ. ಅವಳು ದಿನಾ ಕಾಲೇಜಿನಿಂದ ಬಂದು, ತನ್ನ ಹೆಸರಿನಲ್ಲಿ, ಅಣ್ಣನ ನೆರಳಿನ ಕೈಯಲ್ಲಿ ಒಂದಾಟ ಸೋಲುತ್ತಿದ್ದಳು. ಅವಳ ಪಾಲಿಗೆ ಉಳಿದ ಅಣ್ಣ ಅಷ್ಟೇ.

ರಿಪೇರಿ ಮಾಡಿದ್ದನ್ನು ತಾನೇ ಆಡಿ ನೋಡದೆ ಶರಫುದ್ದೀನ ಯಾರಿಗೂ ಕೊಡುವುದಿಲ್ಲ. ಅದು ಅವನ ಪದ್ಧತಿ. ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಸೆಟ್ಟು ಹಚ್ಚಿದಾಗ ಅನೀಲನ ಹೆಸರೇ ಬಂತು. ಅದರಲ್ಲೇ ಆಟ ಶುರುಮಾಡಿ, ಎದುರಿಗೆ ನೆರಳನ್ನು ಕರೆದ. ರೂಢಿಯಂತೆ ಬಗ್ಗಿದ.

"ಕಾಕಾ, ಇಲ್ಲಿ ಬರ್ರಿ," ಎಂದು ಗೋಡೆಯಾಚೆಯಿಂದ ಕೂಗಿದ. ಧ್ವನಿ ಸರಿಯಿರಲಿಲ್ಲ. "ಅನೀಲ್ಯಾ ಒದಿಯಾಕತ್ತಾನ."

ನೋಡಿದೆ. ಎದೆಗೆ ಒದ್ದು, ಒಂದು ಹೆಜ್ಜೆ ಹಿಂದೆ ಸರಿದು ನಿಂತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹೂಳಿದರೂ ಹೋಗುವುದಿಲ್ಲ ಎಂದು ಅಂದು ಕಂಡೆ.

ಅಂದೇ ಸೆಟ್ಟು ಮರಳಿಸಬೇಕಿತ್ತು. ಸೊಲ್ಲಾಪುರದಿಂದ ಸಾಮಾನು ಬಂದಿಲ್ಲ ಎಂದು ಸಪ್ನಾಳಿಗೆ ಸುಳ್ಳು ಹೇಳಿದ. ಆಮೇಲೆ ದಿನಾ ಮಧ್ಯಾಹ್ನ ಗೋಡೆಯಾಚೆ ಗುಂಡಿ ಒತ್ತುವ ಸದ್ದು, ನಡುನಡುವೆ ಅವನ ದನಿ: "ಒಮ್ಮೆ ಬಗ್ಗಲೇ. ಒಮ್ಮೆರೆ ಬಗ್ಗು." ಸತ್ತವನೊಡನೆ ಜಗಳ ಮುಗಿಸಲು ಕೂತಿದ್ದ.

ಒಂದು ದಿನ ಸದ್ದೇ ಇಲ್ಲ. ಹೋಗಿ ನೋಡಿದರೆ ಅವನ ಕಣ್ಣು ಒದ್ದೆ.

"ಬಗ್ಗಿದಾ, ಕಾಕಾ. ಎರಡ ಸಲಾ."

ನೆರಳು ಬಗ್ಗಿ ಎದ್ದು ಕಾಯುತ್ತಿತ್ತು. ಆಗ ಅವನು ಪರದೆಯ ಮೂಲೆಯಲ್ಲಿ ತನ್ನ ಗೊಂಬೆಯ ಹೆಸರು ನೋಡಿದ. ಅನೀಲ ಎಂದಿತ್ತು. ಇಷ್ಟು ದಿನವೂ ಅನೀಲನ ಹೆಸರಿನಲ್ಲಿ ಆಡಿದವನು ತಾನು. ಆಟ ತನ್ನನ್ನೇ ಅನೀಲ ಎಂದು ತಿಳಿದು ತನ್ನಿಂದಲೇ ಕಲಿತಿತ್ತು. ಶರಫುದ್ದೀನ ಸೆಟ್ಟನ್ನು ಮೆಲ್ಲಗೆ ಕೆಳಗಿಟ್ಟ.

"ಇಂವಾ ಅನೀಲ ಅಲ್ರಿ. ನಾನು."

ಸಪ್ನಾ ಬಂದಳು. ಅವನು ಹೇಳುವ ಮೊದಲೇ ಆಟ ಹಚ್ಚಿದಳು. ನೆರಳು ಎರಡು ಸಲ ಬಗ್ಗಿ ನಿಂತಿತು. ಅವಳು ಏನನ್ನೂ ಒತ್ತಲಿಲ್ಲ. ಅದೂ ಅಲುಗಲಿಲ್ಲ. ಸಮಯ ಮುಗಿಯಿತು.

"ಯಾರ್ರೀ ಇಂವಾ?" ಎಂದಳು.

ಎಲ್ಲ ಹೇಳಿದ. ತಿರುಗಿ ಮೊದಲಿನಂತೆ ಮಾಡಲು ಬರುವುದಿಲ್ಲ ಎಂಬುದನ್ನೂ ಹೇಳಿದ. ಅವಳು ಬೈಯಲಿಲ್ಲ, ಅಳಲಿಲ್ಲ. "ನಮ್ಮಣ್ಣ ಯಾರಿಗೂ ಬಗ್ಗಿದಾಂವ ಅಲ್ರಿ, ಭಾಯಿ," ಎಂದು ಸೆಟ್ಟು ಅಲ್ಲೇ ಬಿಟ್ಟು ಹೋದಳು. ಮಾಡಿದ್ದುಣ್ಣೋ ಮಹರಾಯ ಎಂದು ನಾನು ಅಂದೇಬಿಟ್ಟೆ. ನನಗೆ ಆಗ ಅವನ ಮೇಲೆ ಕರುಣೆ ಬರಲಿಲ್ಲ, ಸಿಟ್ಟೇ ಬಂತು.

ಕೆಲವು ದಿನ ಕಳೆದು ಆಳಂದದ ಹಫೀಜ, ಹಳೆಯ ಗಿರಾಕಿ, ನನ್ನ ಅಂಗಡಿಗೆ ಬಂದು ಗೊಣಗಿದ. "ಕಾಕಾ, ಶರಫುಭಾಯಿಗೆ ಏನಾಗೇದ್ರಿ? ನಾ ಬಗ್ಗಿದಾಗ ಎದಿಗಿ ಒದಿತಾರ."

ನಂಬದೆ ಹೋಗಿ ನಿಂತೆ. ಹಫೀಜನ ಗೊಂಬೆ ಬಗ್ಗಿತು. ಶರಫುದ್ದೀನನ ಹೆಬ್ಬೆರಳು ಆಡಿತು. ಒದೆ. ಒಂದು ಹೆಜ್ಜೆ ಹಿಂದೆ. ಮತ್ತೆ ಬಾ ಎನ್ನುವಂತೆ ನಿಲುವು. ಶರಫುದ್ದೀನ ಬಿಸಿ ತವೆ ಮುಟ್ಟಿದವನಂತೆ ಸೆಟ್ಟು ಬಿಟ್ಟ. "ನಾ ಒತ್ತಲಿಲ್ರಿ," ಎಂದ. ಅಷ್ಟೂ ಮಧ್ಯಾಹ್ನ ನೆರಳಿಗೆ ಇವನು ಕಲಿಸಿದ್ದ; ನೆರಳೂ ಇವನಿಗೆ ಕಲಿಸಿತ್ತು. ಅಂದಿನಿಂದ ಆಟ ಬಿಟ್ಟ. ಬೇರೆಯವರು ಆಡುವಾಗ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂರುತ್ತಿದ್ದ.

ನಾನೇ ಗೊಬ್ಬೂರಿಗೆ, ಸಪ್ನಾಳಿಗೆ, ನಡೆದದ್ದನ್ನು ಹೇಳಿಕಳಿಸಿದೆ.

ಸಪ್ನಾ ಬಂದು ಅವನೆದುರು ಕೂತಳು. ಒಂದು ಸೆಟ್ಟು ಅವನ ಕೈಗೆ ಕೊಟ್ಟು, ಒಂದನ್ನು ತಾನು ಹಿಡಿದಳು. ಅವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಆಟ ಶುರುವಾಯಿತು. ಅವಳು ತನ್ನ ಗೊಂಬೆಯನ್ನು ಬಗ್ಗಿಸಿದಳು. ಒದೆ ಬಿತ್ತು. ಹೆಜ್ಜೆ ಹಿಂದೆ. ಮತ್ತೆ ಬಗ್ಗಿಸಿದಳು, ಮತ್ತೆ ಒದೆ. ಶರಫುದ್ದೀನ ಅಳುತ್ತಿದ್ದ, ಬೆರಳುಗಳು ನಿಲ್ಲುತ್ತಿರಲಿಲ್ಲ. ಅವಳು ಸೋತಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಕಂಡೆ, ಮತ್ತು ಅದನ್ನು ನೋಡಲಾಗದೆ ಬಾಗಿಲ ಕಡೆ ತಿರುಗಿದೆ.

"ಇನ್ನೊಂದ ಆಟ, ಅಣ್ಣಾ," ಎಂದಳು.

ಅದುವರೆಗೆ ಅವನನ್ನು ಭಾಯಿ ಎಂದೇ ಕರೆದವಳು. ತಿರುಗಿ ನೋಡಿದೆ. ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಹೆಬ್ಬೆರಳುಗಳನ್ನು.