ಕೊಂಬಿಗೊಬ್ಬ ಸೋದರಮಾವ

ಕುರಿಗಳಿಗೆ ಕೊಂಬಿಲ್ಲದ ಟಗರು ಬಿಟ್ಟರೆ ಕೊಂಬಿಲ್ಲದ ಮರಿ ಹುಟ್ಟುತ್ತದೆ ಅಂತ ನಾಗಮಂಗಲದ ಹಳ್ಳಿಹಳ್ಳಿಯಲ್ಲಿ ನಾನು ಹೇಳಿಕೊಂಡು ತಿರುಗುತ್ತಿದ್ದೆ. ತೊಂಬತ್ತರ ದಶಕ. ಸರ್ಕಾರದ ಟಗರು ಹಂಚುವುದು, ಆಮೇಲೆ ಮರಿಗಳನ್ನು ನೋಡಿ ಫಾರಂ ತುಂಬುವುದು ನನ್ನ ಕೆಲಸ.

ಹೊಣಕೆರೆ ಹತ್ತಿರ ತಾಯಮ್ಮ ಅನ್ನುವವರ ಕೊಟ್ಟಿಗೆಗೆ ಹೋದರೆ, ನಾವು ಕೊಟ್ಟ ಬೋಳು ಟಗರಿನ ಒಂದು ಗಂಡುಮರಿಗೆ ಕೊಂಬು ಮೂಡಿತ್ತು.

“ಬೇರೆ ಟಗರು ಸೇರಿಸಿದ್ದೀರಿ ಅಮ್ಮ,” ಅಂದೆ. ಹಾಗೆ ಬರೆದರೆ ನಮ್ಮ ಟಗರನ್ನು ವಾಪಸ್ ಹೊಡೆದುಕೊಂಡು ಹೋಗಬೇಕು, ಅದು ನಿಯಮ.

ತಾಯಮ್ಮ ಸೊಪ್ಪು ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. “ಅಂಗೆಲ್ಲ ಸುಳ್ಳು ಬರೀಬ್ಯಾಡಿ ಸಾಮಿ. ನಿಮ್ ಟಗರೂ ಬೋಳು, ಇದ್ರ ಅವ್ವನೂ ಬೋಳು. ಆದ್ರೆ ಅವಳ ಒಡಹುಟ್ಟಿದ ಟಗರಿಗೆ ಮೊಳದುದ್ದ ಕೊಂಬಿತ್ತು. ಹೆಣ್ಣು ತರೋವಾಗ ಅವಳ ಅಣ್ತಮ್ಮಂದಿರನ್ನ ನೋಡಲ್ವಾ ನೀವು? ಗಂಡುಮರಿ ಸೋದರಮಾವನ್ನ ಹೋಲ್ತದೆ.”

ಹೆಣ್ಣಿನಲ್ಲಿ ಅಡಗಿದ ಕೊಂಬು ಅವಳ ಗಂಡುಮರಿಯಲ್ಲಿ ಮೂಡಬಹುದು ಅಂತ ನಾನೂ ಪರೀಕ್ಷೆಗೆ ಉರುಹೊಡೆದಿದ್ದೆ. ಕೊಟ್ಟಿಗೆಗೆ ಬರುವ ಹೊತ್ತಿಗೆ ಮರೆತಿದ್ದೆ.

ಫಾರಂನಲ್ಲಿ ತಂದೆಗೆ, ತಾಯಿಗೆ ಮಾತ್ರ ಜಾಗವಿತ್ತು. ಷರಾ ಅನ್ನುವ ಕಡೆ, “ಮರಿಯ ಸೋದರಮಾವನಿಗೆ ಕೊಂಬಿತ್ತು” ಅಂತ ಬರೆದೆ. ಟಗರು ಅಲ್ಲೇ ಉಳಿಯಿತು.

ತಿಂಗಳಾದ ಮೇಲೆ ಮೇಲಿನವರಿಂದ ಮೆಮೊ ಬಂತು: “ಸದರಿ ಸೋದರಮಾವನನ್ನು ಪರಿಶೀಲನೆಗೆ ಹಾಜರುಪಡಿಸತಕ್ಕದ್ದು.”

ಓದಿ ಹೇಳಿದಾಗ ತಾಯಮ್ಮ ಮೊದಲ ಸಲ ನಕ್ಕರು. “ಮೊದ್ಲೇ ಕೇಳ್ಬಾರ್ದಿತ್ತಾ? ಹೋದ್ ಸಲದ ಮಾರಿಹಬ್ಬಕ್ಕೆ ತಿಂದ್ಬುಟ್ವಲ್ಲ ಸಾಮಿ.”

ಹಾಗಂತಲೇ ಉತ್ತರ ಬರೆದು ಕಳಿಸಿದೆ. ಅದಕ್ಕೆ ಮಾತ್ರ ಯಾರೂ ಪುರಾವೆ ಕೇಳಲಿಲ್ಲ.