ಗೋಣೆಪ್ಪನವರ ಗಂಟಲು ಮತ್ತು ಬಿಜಲಿ

ಶಿಗ್ಗಾಂವಿ ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ನಿವೃತ್ತರಾದ ಗೋಣೆಪ್ಪನವರಿಗೆ ತಮ್ಮ ಗಂಟಲಿನ ಮೇಲೆ ಅಪಾರ ಗೌರವ. ಮೂವತ್ತೊಂದು ವರ್ಷ ಆ ಗಂಟಲು ಹಾನಗಲ್ಲಿನವರನ್ನು ಹಾನಗಲ್ಲಿಗೆ, ಸವಣೂರಿನವರನ್ನು ಸವಣೂರಿಗೆ ಹತ್ತಿಸಿ ಕಳಿಸಿತ್ತು. ಮೈಕು ಕೆಟ್ಟ ದಿನವೂ ಒಬ್ಬರೂ ಬಸ್ಸು ತಪ್ಪಿಸಿಕೊಂಡಿಲ್ಲ ಎಂಬುದು ಅವರದೇ ಅಂಕಿಅಂಶ. ನಿವೃತ್ತಿಯ ನಂತರ ಕೇಳುವವರು ಹೆಂಡತಿ ಗುತ್ತೆವ್ವ ಒಬ್ಬಳೇ. ಆಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವಳು. ಬಡಿಯುವ ಸಪ್ಪಳದಲ್ಲಿ ಅರ್ಧ ಮಾತು ಆಕೆಗೆ ಕೇಳಿಸುತ್ತಿರಲಿಲ್ಲ, ಉಳಿದರ್ಧ ಆಕೆ ಕೇಳಿಸಿಕೊಳ್ಳುತ್ತಿರಲಿಲ್ಲ.

ಹಾಗಾಗಿ ಗೋಣೆಪ್ಪನವರು ನಾಯಿ ತರಲು ಹೊರಟರು.

ಚಿಕ್ಕೇರೂರಿನ ಹತ್ತಿರ ನಾಯಿ ಸಾಕಿ ಮಾರುವ ರವಿಕುಮಾರನ ಶೆಡ್ಡಿನಲ್ಲಿ ಒಂದು ಹೆಣ್ಣು ನಾಯಿ ಮಾರಾಟವಾಗದೆ ಉಳಿದಿತ್ತು. ತಂತಿಬಲೆಯ ಗೂಡಿನಲ್ಲೇ ಹುಟ್ಟಿ, ಅಲ್ಲೇ ಹತ್ತು ತಿಂಗಳು ಬೆಳೆದದ್ದು. ಮನುಷ್ಯ ಎಂದರೆ ಅನ್ನ ಹಾಕುವ ಒಂದು ಕೈ ಎಂದಷ್ಟೇ ಅದಕ್ಕೆ ಗೊತ್ತು.

"ಭಾಳ ಅಂಜ್ತೈತ್ರಿ ಸರ," ಎಂದ ರವಿಕುಮಾರ. "ಒಂದ್ ತಿಂಗಳ ನೋಡ್ರಿ. ಹೊಂದ್ಲಿಲ್ಲಂದ್ರ ತಂದ್ ಬಿಡ್ರಿ, ಮತ್ತ ಗೂಡಿಗೆ ಹಾಕ್ತೇನಿ."

"ಇಡೀ ತಾಲೂಕನ್ನ ಸಾಲಿನ್ಯಾಗ ನಿಂದ್ರಿಸಿದಾಂವ ನಾನು. ಇದೊಂದ್ ನಾಯಿ ಯಾವ ಲೆಕ್ಕ?"

ಮಿಂಚಿನ ಹಾಗೆ ಓಡಾಡಲಿ ಎಂದು ಅದಕ್ಕೆ ಬಿಜಲಿ ಎಂದು ಹೆಸರಿಟ್ಟರು. ಮನೆಗೆ ಬಂದದ್ದೇ ಬಿಜಲಿ ಅಡುಗೆಮನೆಯ ಜೋಳದ ಚೀಲಗಳ ಹಿಂದೆ ಹೊಕ್ಕಿತು.

"ಬಿಜಲಿಯಂತ ಬಿಜಲಿ," ಎಂದಳು ಗುತ್ತೆವ್ವ. "ಕರೆಂಟ್ ಹ್ವಾದ ಮನಿಯಂಗ ಕುಂತೈತಿ ನೋಡ್ರಿ."

ಜನರ ಭಯ ಹೋಗಬೇಕಾದರೆ ಜನರಿರುವಲ್ಲಿಗೇ ಒಯ್ಯಬೇಕು ಎಂದು ಗೋಣೆಪ್ಪನವರು ತೀರ್ಮಾನಿಸಿದರು. ಶಿಗ್ಗಾಂವಿಯಲ್ಲಿ ಬಸ್ ನಿಲ್ದಾಣಕ್ಕಿಂತ ಹೆಚ್ಚು ಜನ ಎಲ್ಲಿ? ಮೂರನೆಯ ದಿನ ಸರಪಳಿ ಹಾಕಿ ಎತ್ತಿಕೊಂಡೇ ಹೋದರು. ತಮ್ಮ ಹಳೆಯ ಜಾಗದಲ್ಲಿ ನಿಂತು ಪರಿಚಯ ಶುರು ಮಾಡಿದರು. "ಬಿಜಲಿ, ಇದು ಹಿರೇಕೆರೂರ ಗಾಡಿ. ಅದರ ಹಿಂದಿಂದು ಹುಲಗೂರದ್ದು." ಅಷ್ಟರಲ್ಲಿ ಯಾರೋ, "ಹಾನಗಲ್ ಗಾಡಿ ಎಷ್ಟೊತ್ತಿಗ್ರಿ ಸಾಹೇಬ್ರ?" ಎಂದು ಕೇಳಿದರು. ಅಷ್ಟು ಸಾಕಾಯಿತು, ಹಳೆಯ ಗಂಟಲು ಒಂದೊಂದೇ ಊರಿನ ಹೆಸರು ಕೂಗತೊಡಗಿತು. ಕಾಲು ಗಂಟೆ ನಾಯಿಯ ನೆನಪೇ ಇರಲಿಲ್ಲ. ಕೆಳಗೆ ನೋಡಿದಾಗ ಬಿಜಲಿ ಬೆಂಚಿನಡಿ ನೆಲಕ್ಕೆ ಅಂಟಿಕೊಂಡು ಉಚ್ಚೆ ಹೊಯ್ದುಕೊಂಡು ಕಣ್ಣು ಮುಚ್ಚಿತ್ತು.

ಅಂದಿನಿಂದ ಅವರ ದನಿ ಕೇಳಿದರೆ ಸಾಕು, ಚೀಲದ ಹಿಂದೆ ನಡುಕ. ಪ್ರೀತಿಯಿಂದ ಕರೆದರೂ ಅಷ್ಟೇ. ಅವರ ಪ್ರೀತಿಯೂ ನಾಲ್ಕು ಮನೆಗೆ ಕೇಳಿಸುವಂಥದ್ದು.

ಇಪ್ಪತ್ತೈದನೆಯ ದಿನ ಅವರು ಸರಪಳಿ ಹಿಡಿದು ಕುಳಿತಿದ್ದರು. ತಿಂಗಳು ತುಂಬಲು ಐದೇ ದಿನ; ರವಿಕುಮಾರನ ಆ ತಂತಿಬಲೆಯ ಗೂಡು ಕಣ್ಣ ಮುಂದೆ ಬರುತ್ತಿತ್ತು.

"ರೊಟ್ಟಿ ಬಡಿಯೂ ಮುಂದ ಅದು ದಿನಾ ನನ್ನ ಬೆನ್ನ ಹಿಂದ ಬಂದ್ ಕುಂದರ್ತೈತಿ," ಎಂದಳು ಗುತ್ತೆವ್ವ. "ರೊಟ್ಟಿ ಒಯ್ಯಾಕ ಬಂದೋರನ್ನೂ ನೋಡ್ತೈತಿ. ಯಾಕಂದ್ರ ನಾ ಅದನ್ನ ಮಾತಾಡ್ಸೂದಿಲ್ಲ, ತಿರಿಗಿ ನೋಡೂದಿಲ್ಲ. ಬರ್ರಿ, ಹಿಟ್ಟ್ ನಾದ್ರಿ."

"ನಾನಾ?"

"ಅದರ ಕಡೆ ಬೆನ್ನ ಮಾಡಿ ಕುಂದರ್ರಿ. ಬಾಯಿ ಮುಚ್ಗೊಂಡು."

ಮೊದಲ ದಿನ ಕೈಗಿಂತ ಬಾಯಿಯೇ ಹೆಚ್ಚು ನೊಂದಿತು. ಎರಡನೆಯ ದಿನ ಹಿಟ್ಟು ಹದಕ್ಕೆ ಬಂತು, ನಾಯಿ ಬರಲಿಲ್ಲ. ಇಪ್ಪತ್ತೊಂಬತ್ತನೆಯ ದಿನ ಮೊಣಕೈಗೆ ತಣ್ಣಗೆ ಏನೋ ತಾಗಿತು. ಮೂಗು. ಸ್ವಲ್ಪ ಹೊತ್ತಿಗೆ ತೊಡೆಯ ಮೇಲೆ ಒಂದು ಗದ್ದ ಬಂದು ಕೂತಿತು.

ರೊಟ್ಟಿಗೆ ಬಂದ ಪಕ್ಕದ ಮನೆಯ ಫಕ್ಕೀರವ್ವ ಬಾಗಿಲಲ್ಲೇ ನಿಂತಳು. "ಯಾಕ್ರಿ ಕಂಟ್ರೋಲರ್ ಸಾಹೇಬ್ರ, ಇವತ್ತ ಎಲ್ಲಾ ಗಾಡಿ ಬಂದ್ ಏನು?"

ಬಿಜಲಿ ನಡುಗಿತು, ಎದ್ದು ಓಡಲಿಲ್ಲ. ಗೋಣೆಪ್ಪನವರು ಹುಬ್ಬಿನಲ್ಲೇ ರೊಟ್ಟಿಯ ಬುಟ್ಟಿ ತೋರಿಸಿದರು.

ಆಗಲೇ ಫೋನು ಬಂತು. ಕೈತುಂಬ ಹಿಟ್ಟು, ಗುತ್ತೆವ್ವ ಅವರ ಕಿವಿಗೆ ಹಿಡಿದಳು. ರವಿಕುಮಾರ. "ನಾಳೆ ತರ್ತೀರೇನ್ರಿ ಸರ, ನಾಯಿ?"

"ಇಲ್ಲ," ಎಂದು ಪಿಸುಗುಟ್ಟಿದರು ಗೋಣೆಪ್ಪನವರು.

"ಕೇಳವಲ್ದ್ರಿ. ಸ್ವಲ್ಪ ಜೋರ್ ಮಾತಾಡ್ರಿ."

ಹುಟ್ಟಿದಾಗಿನಿಂದ ಅವರಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಅವರು ತೊಡೆಯ ಮೇಲಿನ ತಲೆಯನ್ನು ನೋಡಿದರು, ಆಮೇಲೆ ಹೆಂಡತಿಯನ್ನು.

ಗುತ್ತೆವ್ವ ಫೋನನ್ನು ತನ್ನ ಕಿವಿಗೆ ಹಚ್ಚಿಕೊಂಡಳು. "ತರೂದಿಲ್ಲಂತಪಾ. ಫೋನ್ ಇಡು."